ಹಾಡು ಮುಗಿದ ಮೇಲಿನ ಪಿಯಾನೋ

ನನ್ನ ತಮ್ಮ ಹಾಡುವಾಗ ಕೈ ಆಡಿಸುವುದಿಲ್ಲ, ಮುಖ ಕಿವುಚುವುದಿಲ್ಲ, ಎದೆ ಬಡಿದುಕೊಂಡು ಗೋಳಾಡುವುದಂತೂ ಇಲ್ಲವೇ ಇಲ್ಲ. ಪಿಯಾನೋದ ಪಕ್ಕ ನಿಂತು, ಅದರ ಮರದ ಮೇಲೆ ಒಂದು ಅಂಗೈ ಊರಿ, ಮೇಜಿನ ಆಚೆ ಕೂತವರಿಗೆ ಏನೋ ಹೇಳುವವನಂತೆ ಹಾಡುತ್ತಾನೆ. ನಮ್ಮಿಬ್ಬರಿಗೂ ಕಲಿಸಿದ ಟೀಚರಮ್ಮನ ಪಾಠ ಅದು. ಚಿಕ್ಕಂದಿನಲ್ಲಿ ಅವನು ಒಂದಿಷ್ಟು ದನಿ ಏರಿಸಿದರೆ ಸಾಕು, "ಗಿರಾಕಿ ಕರೆಯೋ ಹಾಗೆ ಯಾಕೋ ಕೂಗ್ತೀಯ? ನಾನು ಇಲ್ಲೇ ಇದ್ದೀನಲ್ಲ" ಎಂದು ಗದರುತ್ತಿದ್ದರು. ನನಗೂ ಬೈಗುಳ ತಪ್ಪುತ್ತಿರಲಿಲ್ಲ. "ನೀನು ಅವನಿಗೆ ಹಾಸೋ ಚಾಪೆ ಕಣೆ, ಅವನ ತಲೆ ಮೇಲೆ ಕೂರಬೇಡ" ಎನ್ನುತ್ತಿದ್ದರು. ಇಡೀ ಆಯಸ್ಸು ಚಾಪೆಯಾಗಿಯೇ ಕಳೆದೆ. ಬೇಸರವೇನಿಲ್ಲ, ಆದರೆ ಹೇಳದೆ ಇರುವವಳೂ ನಾನಲ್ಲ.

ಒಂದು ಕವಿತೆ, ಒಂದು ಗಂಟಲು, ಒಂದು ಪಿಯಾನೋ. ಎಂದೋ ಸತ್ತುಹೋದ ಸಂಗೀತಗಾರರು ಸಣ್ಣ ಕೋಣೆಗಳಿಗೆಂದು ಬರೆದಿಟ್ಟ ಹಾಡುಗಳು. ನಾವು ಹಾಡುವ ಜಾಗವೂ ಸಣ್ಣದೇ. ನಾನು ಮಕ್ಕಳ ನೃತ್ಯಶಾಲೆಯೊಂದರಲ್ಲಿ ಪಿಯಾನೋ ಬಾರಿಸುತ್ತೇನೆ. ಮಕ್ಕಳು ಕಾಲೆತ್ತುವಾಗ ಒಂದು ತುಣುಕು, ಇಳಿಸುವಾಗ ಇನ್ನೊಂದು. ನಡುವೆ ಯಾರಾದರೂ ಬಿದ್ದು ಅತ್ತರೆ ವಿರಾಮ. ಭಾನುವಾರ ಮಧ್ಯಾಹ್ನ ಆ ಹಾಲ್ ಖಾಲಿ ಇರುತ್ತದೆ. ಗೋಡೆಯುದ್ದದ ಕನ್ನಡಿಗೆ ಬೆಡ್‌ಶೀಟು ಇಳಿಬಿಟ್ಟು, ಮಡಚುವ ಕುರ್ಚಿ ಹಾಕಿದರೆ ಆಯಿತು ನಮ್ಮ ಸಭೆ. ಕನ್ನಡಿ ಮುಚ್ಚದಿದ್ದರೆ ಜನ ನಮ್ಮನ್ನು ಬಿಟ್ಟು ತಮ್ಮ ತಲೆಗೂದಲನ್ನೇ ನೋಡಿಕೊಳ್ಳುತ್ತ ಕೂರುತ್ತಾರೆ.

ಕಳೆದ ವರ್ಷದಿಂದ ತಮ್ಮನಿಗೆ ಪಿಯಾನೋ ಮೇಲೆ ಸಿಟ್ಟು ಶುರುವಾಯಿತು.

"ಅಕ್ಕ, ಇದರ ಶ್ರುತಿ ಇಳಿದಿದೆ ಕಣೇ."

"ಇಳಿದಿಲ್ಲ ಕಣೋ. ಹೋದ ವಾರ ತಾನೇ ಸರಿ ಮಾಡ್ಸಿದ್ದು."

"ಹಾಗಾದ್ರೆ ಆ ಟ್ಯೂನರ್‌ಗೆ ಕಿವಿ ಇಲ್ಲ."

ಟ್ಯೂನರ್ ಬಂದ, ಎಲ್ಲ ತಂತಿಗಳನ್ನೂ ನೋಡಿ ಹೋದ. ತಮ್ಮ ಮತ್ತೆ ಕರೆಸಿದ. ಆತ ಮತ್ತೆ ಬಂದು ನೋಡಿದ. ಇನ್ನೊಂದು ಸಲ ಕರೆಸಿದಾಗ ಮೆಟ್ಟಿಲಲ್ಲೇ ನನ್ನನ್ನು ನಿಲ್ಲಿಸಿ, "ಅಮ್ಮಾ, ನಾನು ಪಿಯಾನೋ ರಿಪೇರಿ ಮಾಡೋನು. ಮನುಷ್ಯರದ್ದು ನನ್ನ ಕೈಲಾಗಲ್ಲ" ಅಂದ. ಮೈ ಉರಿದುಹೋಯಿತು. ಬಾಯಿಗೆ ಬಂದದ್ದನ್ನೆಲ್ಲ ಅಂದು ಕಳಿಸಿದೆ. ನನಗೆ ಮೊದಲೇ ಗೊತ್ತಿದ್ದ ವಿಷಯವನ್ನೇ ಆತ ಹೇಳಿದ್ದ, ಅದಕ್ಕೇ ಅಷ್ಟು ಸಿಟ್ಟು.

ತಮ್ಮನ ಹೆಂಡತಿ ಅವನನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವಳು ಹಲ್ಲಿನ ಆಸ್ಪತ್ರೆಯ ಬಾಗಿಲಲ್ಲಿ ಕೂತು ಚೀಟಿ ಕೊಡುವವಳು, ಡಾಕ್ಟರುಗಳ ಜೊತೆ ಮಾತಾಡಿ ಅಭ್ಯಾಸ. ಸಂಗೀತ ಮಾತ್ರ ಅವಳಿಗೆ ಸೊನ್ನೆ. ಬಾಗಿಲ ಗಂಟೆಗೂ ಪಿಯಾನೋಗೂ ವ್ಯತ್ಯಾಸ ತಿಳಿಯದು. ಮದುವೆಯಾದಾಗಿನಿಂದ ಗಂಡನ ಪ್ರತಿ ಕಛೇರಿಯಲ್ಲೂ ಮುಂದಿನ ಸಾಲಿನಲ್ಲಿ ಕೂತು ಆಕಳಿಸದೆ ಕೇಳಿದ್ದಾಳೆ. ನಾನಾಗಿದ್ದರೆ ಓಡಿಹೋಗುತ್ತಿದ್ದೆ.

ಡಾಕ್ಟರ ಮುಂದೆ ತಮ್ಮನೂ ಇದ್ದ. ಆದರೆ "ವಯಸ್ಸಾಯ್ತಲ್ಲ, ಒಂಚೂರು ಮಂದ" ಎಂಬ ಒಂದು ಮಾತು ಹಿಡಿದುಕೊಂಡು ಎದ್ದು ಬಂದುಬಿಟ್ಟ. ಹೆಂಡತಿ ಮಾರನೇ ದಿನ ಒಬ್ಬಳೇ ಹೋಗಿ ಪೂರ್ತಿ ಕೇಳಿಕೊಂಡು, ನೇರ ನನ್ನ ಮನೆಗೆ ಬಂದಳು.

"ಅತ್ತಿಗೆ, ಶಬ್ದ ಎಲ್ಲಾ ಕೇಳ್ಸುತ್ತಂತೆ. ಆದ್ರೆ ಇರೋ ಹಾಗೆ ಕೇಳ್ಸಲ್ವಂತೆ. ಎಲ್ಲಾ ಒಂಚೂರು ಕೆಳಗಿಳಿದು ಕೇಳ್ಸುತ್ತಂತೆ. ಬಲಗಿವಿ ಪೂರ್ತಿ ಹಾಗೇ ಆಗಿದೆ, ಎಡಗಡೆ ಈಗ ಶುರು ಅಂತೆ."

"ಔಷಧಿ?"

ಅವಳು ತಲೆಯಾಡಿಸಿದಳು. ನಾನು ಒಲೆ ಆರಿಸಿದೆ. ಪಾತ್ರೆಯಲ್ಲಿ ಏನು ಕುದಿಯುತ್ತಿತ್ತೋ ಈಗ ನೆನಪಿಲ್ಲ.

ಕಿವಿಗೆ ಬಿದ್ದ ಸ್ವರಕ್ಕೇ ಹೊಂದಿಸಿ ಹಾಡುತ್ತ ಅವನು ಪಿಯಾನೋಗಿಂತ ಕೆಳಗಿಳಿಯುತ್ತಿದ್ದ. ಬೇರೆಯವರಾಗಿದ್ದರೆ ಹೇಗೋ ನಡೆಯುತ್ತಿತ್ತು. ದೊಡ್ಡ ದನಿ ತೆಗೆದು, ಸ್ವರವನ್ನು ಅಲುಗಿಸುತ್ತ ಹಾಡುವವರು ಒಂದಿಷ್ಟು ಕೆಳಗಿಳಿದರೂ ಆ ಅಲುಗಾಟದಲ್ಲಿ ಮುಚ್ಚಿಹೋಗುತ್ತದೆ. ಇವನದು ನೇರ ದನಿ, ತೊಳೆದಿಟ್ಟ ಲೋಟದ ಹಾಗೆ. ಅದರಲ್ಲಿ ಏನನ್ನೂ ಬಚ್ಚಿಡಲಾಗದು. ಟೀಚರಮ್ಮ ಕಲಿಸಿದ ಆ ಸರಳತೆಯೇ ಈಗ ಅವನನ್ನು ನಡುಬೀದಿಯಲ್ಲಿ ನಿಲ್ಲಿಸಿತ್ತು.

ನಾವಿಬ್ಬರು ಹೆಂಗಸರು ಸೇರಿ ಒಂದು ಉಪಾಯ ಹೂಡಿದೆವು. ಮುಂದಿನ ಕಛೇರಿ ಹೇಗಾದರೂ ಚೆನ್ನಾಗಿ ಆಗಿಬಿಡಲಿ. ಆಮೇಲೆ ಹಾಲ್ ಸಿಗುವುದಿಲ್ಲ, ನನ್ನ ಬೆರಳು ನೋಯುತ್ತದೆ, ಏನಾದರೊಂದು ನೆಪ ಹೇಳಿ ನಿಲ್ಲಿಸಿಬಿಡೋಣ. ತಾನು ಚೆನ್ನಾಗಿ ಹಾಡುತ್ತಿದ್ದಾಗಲೇ ಬಿಟ್ಟೆ ಎಂದುಕೊಂಡು ಅವನು ಉಳಿದ ಆಯಸ್ಸು ಕಳೆಯಲಿ. ನಮಗೆ ಬೇಕಾದದ್ದು ಅಷ್ಟೇ, ಅವನಿಗೆ ಗೊತ್ತಾಗಬಾರದು.

ಆ ಭಾನುವಾರಕ್ಕೆ ಪಿಯಾನೋದ ಕೆಲಸ ಕಡಿಮೆ ಇರುವ ಹಾಡುಗಳನ್ನೇ ಆರಿಸಿದೆ. ಕಿಟಕಿಯಿಂದ ಗಾಳಿ ಬಡಿಯುತ್ತದೆ ಎಂದು ಸುಳ್ಳು ಹೇಳಿ ಅವನನ್ನು ಇನ್ನೊಂದು ಪಕ್ಕ ನಿಲ್ಲಿಸಿದೆ, ಎಡಗಿವಿ ನನ್ನ ಕಡೆಗಿರಲಿ ಎಂದು. "ನೀನು ಯಾವಾಗಿಂದ ನನ್ನ ನೆಗಡಿ ಚಿಂತೆ ಮಾಡೋಕೆ ಶುರು ಮಾಡ್ದೆ?" ಎಂದು ರೇಗಿಸಿದ. ಜನ ಬಂದರು, ಕೊಡೆ ಮಡಚಿದರು, ಕೆಮ್ಮಿ ಮುಗಿಸಿದರು. ನಾವು ಶುರು ಮಾಡಿದೆವು.

ಮೊದಲಿನ ಹಾಡುಗಳು ದೇವರ ದಯೆಯಿಂದ ದಾಟಿದವು. ಅಲ್ಲಲ್ಲಿ ಕೂದಲೆಳೆಯಷ್ಟು ಜಾರಿದ, ಯಾರೂ ಗಮನಿಸಲಿಲ್ಲ. ಅವನ ದನಿಯಲ್ಲಿ ಅವತ್ತು ಎಂದೂ ಇಲ್ಲದ ಮೃದುತ್ವವಿತ್ತು. ಎದುರಿಗೆ ಕೂತ ಒಬ್ಬ ಮುದುಕ, ತನ್ನನ್ನೇ ಮಾತಾಡಿಸುತ್ತಿದ್ದಾರೆ ಎಂಬಂತೆ ತಲೆದೂಗುತ್ತಿದ್ದ. ನನಗೆ ಹೆಮ್ಮೆಯೂ ಆಗುತ್ತಿತ್ತು, ಇನ್ನೆಷ್ಟು ಹಾಡು ಉಳಿದಿವೆ ಎಂದು ಎಣಿಸುತ್ತಲೂ ಇದ್ದೆ.

ಕೊನೆಯ ಹಾಡು ಬಂತು. ಒಬ್ಬ ತನ್ನ ಪ್ರೀತಿಯವಳ ಮನೆಗೆ ಹೋಗುತ್ತಾನೆ, ಅವಳಿರುವುದಿಲ್ಲ. 'ನಾ ಬಂದಿದ್ದೆ, ನೀನಿರಲಿಲ್ಲ, ಹೊದಿಕೆ ಮಡಿಸಿಟ್ಟು ಹೋದೆ' ಎಂದು ಹಾಡು ಮುಗಿಯುತ್ತದೆ. ಮಾತು ಮುಗಿಯುತ್ತದೆ, ಹಾಡು ಮುಗಿಯುವುದಿಲ್ಲ. ಆಮೇಲೆ ಪಿಯಾನೋ ಒಂದೇ ಸ್ವಲ್ಪ ಹೊತ್ತು ನುಡಿಯಬೇಕು. ಆ ಪ್ರೇಮಿ ಬಾಯಿಬಿಟ್ಟು ಹೇಳಲಾರದೆ ಹೋದದ್ದೆಲ್ಲ ಅದರಲ್ಲಿದೆ. ತಮ್ಮನಿಗೆ ಆ ಭಾಗವೆಂದರೆ ಪ್ರಾಣ. ತಾನು ಹಾಡುವುದೇ ಅದನ್ನು ಕೇಳಲಿಕ್ಕೆ ಎನ್ನುತ್ತಿದ್ದ.

ಎರಡನೇ ಚರಣದಲ್ಲಿ ಅವನು ಜಾರಿದ. ಈ ಸಲ ಕೂದಲೆಳೆಯಲ್ಲ. ಒಂದು ಇಡೀ ಸ್ವರದಷ್ಟು ಇಳಿದಿದ್ದರೆ ನಾನೂ ಅವನ ಜೊತೆ ಇಳಿದು ಬಾರಿಸುತ್ತಿದ್ದೆ, ಅಷ್ಟು ವಿದ್ಯೆ ನನ್ನ ಬೆರಳಿಗಿದೆ. ಅವನು ಹೋಗಿ ನಿಂತದ್ದು ಒಂದು ಕರಿ ಕೀಗೂ ಒಂದು ಬಿಳಿ ಕೀಗೂ ನಡುವೆ. ಅಲ್ಲಿ ಬಾರಿಸಲು ಪಿಯಾನೋದಲ್ಲಿ ಏನೂ ಇಲ್ಲ. ಮುಂದಿನ ಸಾಲಿನಲ್ಲಿ ಒಬ್ಬಾಕೆ ಪಕ್ಕದವಳ ಕಡೆ ತಿರುಗಿದ್ದು ಕಣ್ಣಿಗೆ ಬಿತ್ತು.

ನಾನು ಬಲಗೈ ಎತ್ತಿಬಿಟ್ಟೆ. ಎಡಗೈಯಲ್ಲಿ ಒಂದೊಂದೇ ಸ್ವರ ಇಟ್ಟೆ. ಅದೂ ಅವನಿಗೆ ಚುಚ್ಚುತ್ತಿತ್ತು, ಅದನ್ನೂ ಎತ್ತಿದೆ. ಈಗ ಹಾಲ್‌ನಲ್ಲಿ ಅವನ ದನಿ ಒಂದೇ. ಪಕ್ಕದಲ್ಲಿ ಹೋಲಿಸಲು ಏನೂ ಇಲ್ಲದ ಮೇಲೆ ತಪ್ಪು ಎಲ್ಲಿಂದ ಬರಬೇಕು? ಸ್ವರಕ್ಕೆ ಸ್ವರ ಕೂಡಿಕೊಂಡು, ಅಷ್ಟು ಬರಿದಾಗಿ, ಅಷ್ಟು ಚೆನ್ನಾಗಿ ಅವನು ಹಾಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಹೊದಿಕೆ ಮಡಿಸಿಟ್ಟು ಹೋದೆ ಎಂದು ನಿಲ್ಲಿಸಿದ. ಕುರ್ಚಿಗಳು ಕೂಡ ಕಿರುಗುಟ್ಟಲಿಲ್ಲ.

ಈಗ ನನ್ನ ಸರದಿ. ಬಾರಿಸಿದರೆ, ಅವನು ನಿಂತದ್ದೆಲ್ಲಿ, ಹಾಡು ಇರಬೇಕಾದದ್ದೆಲ್ಲಿ ಎಂದು ಒಂದೇ ಏಟಿಗೆ ಎಲ್ಲರಿಗೂ ಗೊತ್ತಾಗುತ್ತದೆ. ಬೆರಳುಗಳನ್ನು ಕೀಗಳ ಮೇಲೆ ಇಟ್ಟಿದ್ದೆ. ಒತ್ತಲಿಲ್ಲ. ಅವನು ಅಂಗೈಯನ್ನು ಮರದ ಮೇಲೆ ಊರಿಕೊಂಡು ಕಾಯುತ್ತಿದ್ದ. ನಾನು ಕೈಗಳನ್ನು ತೊಡೆಯ ಮೇಲೆ ತಂದಿಟ್ಟೆ. ಸ್ವಲ್ಪ ಹೊತ್ತು ಕಳೆದು ಜನ ಎದ್ದು ಚಪ್ಪಾಳೆ ಹೊಡೆದರು. ಆ ಮೌನ ನಾವು ಬೇಕೆಂದೇ ಮಾಡಿದ್ದು ಎಂದುಕೊಂಡಿದ್ದರು, ಪುಣ್ಯಾತ್ಮರು. ಆ ಮುದುಕ ಬಂದು ತಮ್ಮನ ಕೈ ಹಿಡಿದು ಅತ್ತ. ಗೆದ್ದೆವು ಅಂದುಕೊಂಡೆ. ಮೈಯೆಲ್ಲ ಹಗುರಾಯಿತು.

ಜನ ಹೋದ ಮೇಲೆ ತಮ್ಮನ ಹೆಂಡತಿ ಕುರ್ಚಿ ಮಡಚತೊಡಗಿದಳು. ನಾನು ಕನ್ನಡಿಯ ಬೆಡ್‌ಶೀಟು ಇಳಿಸುತ್ತಿದ್ದೆ. ತಮ್ಮ ಹತ್ತಿರ ಬಂದು ನನ್ನ ಕೈಯಿಂದ ಅದನ್ನು ತೆಗೆದುಕೊಂಡ.

"ಅಕ್ಕ, ಬಾ ಕೂತ್ಕೋ."

"ಯಾಕೋ?"

"ಕೊನೇಲಿ ಏನಾಯ್ತು?"

"ಮರೆತುಹೋಯ್ತು ಕಣೋ" ಅಂದೆ. ಬೇರೇನೂ ತೋಚಲಿಲ್ಲ.

ಅವನು ಬಯ್ಯುತ್ತಾನೆ ಎಂದುಕೊಂಡಿದ್ದೆ. ಬಯ್ಯಲಿಲ್ಲ. ನನ್ನ ಕೈ ಹಿಡಿದು ಬೆರಳುಗಳನ್ನು ಸವರುತ್ತ ಕೂತ. ಹಾಗೆ ಮಾಡುವ ಜಾತಿಯವನೇ ಅಲ್ಲ.

"ನನಗೆ ಕೆಲವು ತಿಂಗಳಿಂದಾನೇ ಗೊತ್ತಿತ್ತು. ನೀನು ತಪ್ಪು ತಪ್ಪು ಬಾರಿಸ್ತಿದ್ದೆ. ಮೊದ್ಲು ಪಿಯಾನೋದ್ದೇ ತಪ್ಪು ಅಂದ್ಕೊಂಡಿದ್ದೆ, ಪಾಪ ಆ ಟ್ಯೂನರ್‌ಗೂ ಬೈದೆ. ನಿನ್ನ ಮನಸ್ಸಿಗೆ ನೋವಾಗುತ್ತೆ ಅಂತ ಹೇಳ್ಲಿಲ್ಲ" ಅಂದ. "ಸಾಕು ಅಕ್ಕ, ತುಂಬಾ ದುಡಿದೆ ನೀನು. ಸಂಗೀತ ಕಾಲೇಜಿನ ದೊಡ್ಡ ಹಾಲ್‌ನಲ್ಲಿ ಹಾಡೋಕೆ ಕರೆದಿದ್ದಾರೆ. ಅಲ್ಲಿನ ಪಿಯಾನೋ ಮೇಷ್ಟ್ರು ಬಾರಿಸ್ತಾರಂತೆ. ಒಪ್ಕೊಂಡಿದ್ದೀನಿ. ಬುಧವಾರದಿಂದ ಅಭ್ಯಾಸ. ನೀನು ಮುಂದಿನ ಸಾಲಲ್ಲಿ ಕೂತು ಕೇಳು."

ಕುರ್ಚಿ ಮಡಚುವ ಸದ್ದು ನಿಂತಿತು.

ಆ ಮೇಷ್ಟ್ರನ್ನು ನಾನು ಬಲ್ಲೆ. ಕೆಟ್ಟವರಲ್ಲ, ಆದರೆ ನಾಲಿಗೆಗೆ ಮೂಳೆಯಿಲ್ಲ. ಬುಧವಾರ ಎರಡನೇ ಸಾಲಿಗೇ ಬಾರಿಸುವುದನ್ನು ನಿಲ್ಲಿಸಿ ವಿದ್ಯಾರ್ಥಿಗಳೆದುರೇ ಕೇಳಿಬಿಡುತ್ತಾರೆ, ಏನ್ರೀ ಇದು ಎಂದು. ನನ್ನನ್ನು ಮರೆಗುಳಿ ಎಂದುಕೊಳ್ಳಲಿ, ಮೂಲೆಯಲ್ಲಿ ಕೂರಿಸಲಿ, ಅದನ್ನು ನುಂಗಿಕೊಳ್ಳುತ್ತಿದ್ದೆ. ಇದನ್ನು ನುಂಗಲಾಗಲಿಲ್ಲ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನ ಬಾಯಿಂದಲೇ ಕೇಳಲಿ.

"ನಾನು ಮರೀಲಿಲ್ಲ ಕಣೋ" ಅಂದೆ. "ನೀನು ಕೆಳಗಿಳಿದಿದ್ದೆ. ಪಿಯಾನೋ ಸರಿಯಾಗೇ ಇದೆ. ಟ್ಯೂನರ್ ಸರಿ ಇದ್ದ. ನಾನೂ ಸರಿ ಇದ್ದೀನಿ."

ಅವನು ನಕ್ಕ. ನನಗೆ ಸಮಾಧಾನವಾಗಲಿ ಎಂದು ನಕ್ಕದ್ದು.

"ಅಕ್ಕ, ನನಗೆ ಕೇಳ್ಸುತ್ತಲ್ಲ."

"ಇರೋ ಹಾಗೆ ಕೇಳ್ಸಲ್ಲ ನಿನಗೆ. ಡಾಕ್ಟ್ರು ಹೇಳಿದಾರೆ."

"ಡಾಕ್ಟ್ರು ಒಂಚೂರು ಮಂದ ಅಂದ್ರು, ಅಷ್ಟೇ. ಏನೇ, ಅಷ್ಟೇ ಅಲ್ವಾ ಅಂದಿದ್ದು?" ಎಂದು ಹೆಂಡತಿಯ ಕಡೆ ತಿರುಗಿದ.

ಸ್ವರ ಯಾವುದು, ಅಪಸ್ವರ ಯಾವುದು ಎಂದು ಇಂದಿಗೂ ತಿಳಿಯದ ಹೆಂಗಸು ಅವಳು. ಮಡಚಿದ ಕುರ್ಚಿಯನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಅವನ ಮುಖ ನೋಡಲಾರದೆ ಗೋಡೆಯ ಕಡೆ ತಿರುಗಿದಳು. ಬೆಡ್‌ಶೀಟು ತೆಗೆದ ಅರ್ಧ ಕನ್ನಡಿಯಲ್ಲಿ ಅವಳು ಅಳುವುದು ನಮ್ಮಿಬ್ಬರಿಗೂ ಕಾಣುತ್ತಿತ್ತು.

ತಮ್ಮ ಬೆಡ್‌ಶೀಟನ್ನು ತೊಡೆಯ ಮೇಲಿಟ್ಟುಕೊಂಡು ಅದರ ಅಂಚು ಎಳೆಯುತ್ತ ಕೂತಿದ್ದ.

"ಇವತ್ತು ಬಂದೋರಿಗೆ?"

"ಕೆಲವರಿಗೆ ಗೊತ್ತಾಗಿರ್ಬೇಕು. ಕೊನೇಲಿ ಯಾರಿಗೂ ಆಗ್ಲಿಲ್ಲ."

"ನೀನು ಕೈ ಎತ್ತಿದ್ದಕ್ಕೆ."

"ಹೂಂ."

"ವಾಸಿ ಆಗುತ್ತಾ?"

ಯಾವ ಮಾತಿಗೂ ಹಿಂಜರಿಯದ ನಾನು ಅವನ ತೊಡೆಯ ಮೇಲಿನ ಬೆಡ್‌ಶೀಟನ್ನು ಎಳೆದುಕೊಂಡು ಮಡಿಸತೊಡಗಿದೆ. ಅವನಿಗೆ ಉತ್ತರ ಸಿಕ್ಕಿತು. ಎದ್ದು ಪಿಯಾನೋ ಹತ್ತಿರ ಹೋದ.

"ಸರಿ, ಈಗ ಯಾರೂ ಇಲ್ಲ. ಆ ಕೊನೇ ಭಾಗ ಬಾರಿಸು. ನಾನು ಹಾಡೋದು ಹೋಯ್ತು ಅಂತ ಇಟ್ಕೋ. ಕೂತು ಕೇಳೋಕೇನು ತೊಂದ್ರೆ?"

ನಾನು ಕೂತು ಬಾರಿಸಿದೆ. ಒಂದು ಸ್ವರವೂ ಆಚೀಚೆಯಾಗಲಿಲ್ಲ. ಟೀಚರಮ್ಮ ಇದ್ದಿದ್ದರೆ ಸುಮ್ಮನೆ ತಲೆಯಾಡಿಸುತ್ತಿದ್ದರು. ಅವನು ಮೊದಲು ಬಲಗಿವಿಯನ್ನು ಮುಚ್ಚಿಕೊಂಡು ಕೇಳಿದ, ಆಮೇಲೆ ಎಡಗಿವಿಯನ್ನು, ಆಮೇಲೆ ಎರಡೂ ಕೈ ಇಳಿಬಿಟ್ಟ. ನಾನು ಮುಗಿಸುವ ಮೊದಲೇ ನನ್ನ ಭುಜ ಮುಟ್ಟಿದ.

"ನೀನು ಸರಿಯಾಗಿ ಬಾರಿಸ್ತಿದ್ದೀಯಾ ಅಕ್ಕ?"

"ಸರಿಯಾಗೇ ಬಾರಿಸ್ತಿದ್ದೀನಿ ಕಣೋ."

"ಹಾಗಾದ್ರೆ ನಿಲ್ಸು" ಅಂದ. "ನನಗೆ ಇದು ಕೇಳೋಕಾಗ್ತಿಲ್ಲ."

ನಾನು ನಿಲ್ಲಿಸಿದೆ.