ಬರೆಯದೆ ಬಿಟ್ಟ ಒಂದು ಸಾಲು

ಇಂದುಶೇಖರ ಕಳ್ಳನಲ್ಲ. ಯಾರ ಜೇಬಿಗೂ ಕೈ ಹಾಕಿದವನಲ್ಲ, ಆಫೀಸಿನ ಒಂದು ಪೆನ್ನನ್ನೂ ಮನೆಗೆ ಒಯ್ದವನಲ್ಲ. ಒಂದು ಸಾಲು ಬರೆಯದೆ ಬಿಟ್ಟಿದ್ದ, ಅಷ್ಟೇ. ಆ ‘ಅಷ್ಟೇ’ಯನ್ನು ತನಗೆ ತಾನೇ ಹೇಳಿಕೊಂಡು ಒಂದು ವರ್ಷ ಹಾಯಾಗಿ ನಿದ್ದೆ ಮಾಡಿದ್ದ.

ಗುರ್‌ಗಾಂವಿನ ಅವನ ಕಂಪನಿಯಲ್ಲಿ ಮೊಬೈಲುಗಳಿಗೆ ಆ್ಯಪ್ ಮಾಡುತ್ತಿದ್ದರು. ನೋಕಿಯಾಗೆ ಒಂದು ರೀತಿ, ಐಫೋನಿಗೆ ಇನ್ನೊಂದು, ವಿಂಡೋಸ್ ಮೊಬೈಲಿಗೆ ಮತ್ತೊಂದು. ಒಂದೇ ಆ್ಯಪನ್ನು ಮೂರು ಸಲ ಬರೆದು ಎಲ್ಲರೂ ಸುಸ್ತಾಗಿದ್ದರು. ಒಮ್ಮೆ ಬರೆದರೆ ಮೂರಕ್ಕೂ ಸಾಕು ಎನ್ನುವ ದಾರಿ ಹುಡುಕಿದವನು ಇಂದುಶೇಖರ. ಸ್ಕೀಮ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆ; ಕಂಸದೊಳಗೆ ಕಂಸ, ಅದರೊಳಗೆ ಇನ್ನೊಂದು ಕಂಸ. ಅದರಲ್ಲಿ ಬರೆದದ್ದನ್ನು ಸಿ ಭಾಷೆಗೆ ಇಳಿಸಿ, ಅಲ್ಲಿಂದ ಒಂದೊಂದು ಫೋನಿಗೂ ಹೊಂದಿಸುವುದು. ಬರೆಯುವುದು ಸುಲಭ, ಇದನ್ನೆಲ್ಲ ಕಂಪ್ಯೂಟರಿನಲ್ಲಿ ಕೂರಿಸುವುದೇ ದೊಡ್ಡ ಯಜ್ಞ. ಅದಕ್ಕೆಂದು ಅವನು ಇಪ್ಪತ್ತೆಂಟು ಹಂತಗಳ ಒಂದು ಕಾಗದ ತಯಾರಿಸಿದ್ದ.

2008ರ ಚಳಿಗಾಲದಲ್ಲಿ ಕಂಪನಿ ಆರು ಜನರನ್ನು ಮನೆಗೆ ಕಳಿಸಿತು. ಅದೇ ವಾರ ಮ್ಯಾನೇಜರ್ ಖನ್ನಾ ಆ ಕಾಗದವನ್ನು ಓದಿ, “ವಾಹ್, ಇದೊಂದಿದ್ದರೆ ಯಾರು ಬೇಕಾದರೂ ಮಾಡಬಹುದು” ಎಂದು ಮೆಚ್ಚಿದ. ಮೆಚ್ಚುಗೆ ಕೇಳಿ ಇಂದುಶೇಖರನಿಗೆ ಹೊಳೆದದ್ದು ಬೇರೆ. ಯಾರು ಬೇಕಾದರೂ ಮಾಡಬಹುದಾದರೆ ತಾನೇಕೆ? ಅಂದೇ ಸಂಜೆ ಇಪ್ಪತ್ತನೆಯ ಹಂತವನ್ನು ಅಳಿಸಿ, ಮುಂದಿನ ಸಂಖ್ಯೆಗಳನ್ನು ತಿದ್ದಿ, ಇಪ್ಪತ್ತೇಳು ಹಂತಗಳ ಕಾಗದ ಮಾಡಿಟ್ಟ.

ಭಾಷೆಯ ಮೂಲ ಕಡತಗಳನ್ನು ಫೋನಿನ ಚಿಪ್‌ಗಾಗಿ ಇನ್ನೊಮ್ಮೆ ಕಟ್ಟಿಕೊಳ್ಳಬೇಕು ಎನ್ನುವ ಸಾಲು ಅದು. ಅದಿಲ್ಲದಿದ್ದರೆ ಕಂಪ್ಯೂಟರಿಗೆಂದು ಕಟ್ಟಿದ ಹಳೆಯ ಕಡತಗಳೇ ಸದ್ದಿಲ್ಲದೆ ಸೇರಿಕೊಳ್ಳುತ್ತವೆ. ಕಂಪ್ಯೂಟರಿನಲ್ಲಿ ಎಲ್ಲವೂ ನೆಟ್ಟಗೆ ನಡೆಯುತ್ತದೆ. ನಿಜವಾದ ಫೋನಿಗೆ ಹಾಕಿದೊಡನೆ ಪರದೆ ಬೆಳ್ಳಗಾಗಿ ಆ್ಯಪ್ ಮುಚ್ಚಿಹೋಗುತ್ತದೆ. ಹೊಸಬರು ಒಂದು ದಿನ ಒದ್ದಾಡಿ ಮರುದಿನ ಇಂದುಶೇಖರನ ಮೇಜಿಗೆ ಬರುತ್ತಿದ್ದರು. “ಹೌದಾ? ನೋಡೋಣ” ಎಂದು ಅವನು ಟಕಟಕ ಬಡಿದು ಎದ್ದರೆ ಫೋನು ಹೇಳಿದ ಮಾತು ಕೇಳುತ್ತಿತ್ತು. ಖನ್ನಾ ಅವನನ್ನು ಜಾದೂಗರ್ ಎಂದು ಕರೆಯತೊಡಗಿದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಆಮೇಲೆ ಹಂಸಾ ಬಂದಳು.

ಅವಳ ತಂದೆ ಅಶ್ವತ್ಥನಾರಾಯಣ ರಾಯರು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು. ಒಂಟಿ ಜೀವ ಇಂದುಶೇಖರನಿಗೆ ಭಾನುವಾರದ ಊಟ ದಿಲ್ಲಿಯ ಆರ್.ಕೆ. ಪುರಂನ ಅವರ ಕ್ವಾರ್ಟರ್ಸಿನಲ್ಲೇ. ಮಗಳು ದಿಲ್ಲಿಯಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಆಡಲು ಹೊರಟರೆ ಮಾತ್ರ ಅರ್ಧ ದಾರಿಯಲ್ಲಿ ಹಿಂದಿಯ ಬಸ್ಸು ಹತ್ತಿಬಿಡುತ್ತಿದ್ದಳು. ಎಂಸಿಎ ಮುಗಿಸಿದ್ದಳು. “ನಿಮ್ಮ ಕೈಕೆಳಗೆ ಸೇರಿಸ್ಕೊಳ್ಳಿ ಶೇಖರ್, ನಮಗೂ ಧೈರ್ಯ” ಎಂದು ರಾಯರು ಕೇಳಿದರು. ಇಂದುಶೇಖರ ಖನ್ನಾನಿಗೆ ಹೇಳಿದ. ಖನ್ನಾ ಒಂದು ಷರತ್ತು ಹಾಕಿದ: ಕಾಗದ ನೋಡಿಕೊಂಡು ಎಲ್ಲ ಕೂರಿಸಬೇಕು, ಎರಡು ವಾರದಲ್ಲಿ ಒಂದು ಚಿಕ್ಕ ಆ್ಯಪ್ ಮೂರೂ ಫೋನುಗಳಲ್ಲಿ ಓಡಬೇಕು, ಓಡಿದರೆ ಕೆಲಸ ಪಕ್ಕಾ.

ಮೊದಲ ದಿನವೇ ಹಂಸಾ ಮೆಲ್ಲಗೆ ಹೇಳಿದಳು. “ಅಂಕಲ್, ಪ್ಲೀಸ್, ನನಗೆ ಬಿಲ್ಕುಲ್ ಹೆಲ್ಪ್ ಮಾಡ್ಬೇಡಿ. ಸಿಫಾರಿಶ್ ಸೇ ಆಯೀ ಹೈ ಅಂತಾರೆ ಎಲ್ಲ. ನಾನೇ ಮಾಡ್ತೀನಿ.”

ಎರಡನೆಯ ದಿನಕ್ಕೆ ಫೋನಿನ ಪರದೆ ಬೆಳ್ಳಗಾಯಿತು. ಅವಳು ಕೇಳಲಿಲ್ಲ. ಮೊದಲ ಹಂತದಿಂದ ಮತ್ತೆ ಶುರು ಮಾಡಿದಳು. ಪ್ರತಿ ಹಂತಕ್ಕೂ ಪೆನ್ಸಿಲಿನಲ್ಲಿ ಟಿಕ್ ಹಾಕಿ, ಏಳು ಸಲ ಎಲ್ಲ ಅಳಿಸಿ ಏಳು ಸಲ ಕೂರಿಸಿದಳು. ಕಾಗದ ಸರಿಯಿದೆ ಎಂದ ಮೇಲೆ ತಪ್ಪು ತನ್ನ ಕೋಡಿನದೇ ಎಂದು ಅದನ್ನೂ ಹೊಸದಾಗಿ ಬರೆದಳು. ಊಟದ ಡಬ್ಬಿ ತೆರೆಯದೆ ವಾಪಸು ಹೋಗುತ್ತಿತ್ತು. ಪಕ್ಕದ ಕುರ್ಚಿಯಲ್ಲೇ ಇಂದುಶೇಖರ. ಕೇಳಲಿ, ಹೇಳುತ್ತೇನೆ ಎಂದು ಕಾದ. ಬೇಡವೆಂದವಳು ಅವಳೇ ಅಲ್ಲವೇ ಎಂದೂ ವಾದಿಸಿದ. ತಪ್ಪು ಮಾಡಿದ ಮನಸ್ಸಿಗೆ ವಕೀಲರ ಕೊರತೆ ಎಂದೂ ಇಲ್ಲ. ಒಂಬತ್ತನೆಯ ದಿನ ಅವಳ ಕಣ್ಣು ಕೆಂಪಾಗಿದ್ದು ಕಂಡು ತಡೆಯಲಾರದೆ ಬಾಯಿ ತೆರೆದ. ಅಷ್ಟರಲ್ಲಿ ಖನ್ನಾ ಹಿಂದಿನಿಂದ ಹಾದುಹೋದ. ತೆರೆದ ಬಾಯಿಯನ್ನು ಆಕಳಿಕೆ ಮಾಡಿ ಮುಚ್ಚಿಕೊಂಡ.

ಹೀಗೆ ಒದ್ದಾಟದಲ್ಲೇ ಎರಡು ವಾರ ಕಳೆದು ಗಡುವು ಮುಗಿಯಿತು. ಖನ್ನಾ ಇಬ್ಬರನ್ನೂ ಕರೆಸಿದ.

“ಇಂದುಜೀ, ಕಾಗದ ಸರಿ ಇದೆಯಲ್ಲ?”

ಇಲ್ಲ ಎಂದರೆ ಜಾದೂಗರನ ಟೊಪ್ಪಿಗೆ ಅಲ್ಲೇ ಬೀಳುತ್ತಿತ್ತು. ಇಂದುಶೇಖರ ಮೇಜಿನ ಅಂಚು ನೋಡುತ್ತ “ಸರಿ ಇದೆ” ಎಂದ.

“ಪೇಪರ್ ಸಹೀ ಹೈ, ಸರ್,” ಎಂದಳು ಹಂಸಾ. “ಮಿಸ್ಟೇಕ್ ಮೇರೀ ಹೀ ಹೈ.” ಅವನ ಮೇಲೆ ಸಿಟ್ಟಿಲ್ಲ, ಅನುಮಾನವಿಲ್ಲ. ತಪ್ಪು ತನ್ನದೇ ಎಂದು ಅವಳು ನಿಜಕ್ಕೂ ನಂಬಿದ್ದಳು. ಸಂಜೆ ನೀರಿನ ಬಾಟಲಿ, ಡಬ್ಬಿ ಎತ್ತಿಕೊಂಡು ಹೊರಟುಹೋದಳು.

ಭಾನುವಾರ ಇಂದುಶೇಖರ ತಲೆನೋವು ಎಂದ. ರಾಯರು ಬಿಡಲಿಲ್ಲ, ಎರಡು ಸಲ ಫೋನ್ ಮಾಡಿದರು. ಹೋದರೆ ಬಾಗಿಲಲ್ಲೇ ಕೈ ಜೋಡಿಸಿ ನಿಂತಿದ್ದರು. ಅವನಿಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವರು.

“ನಿಮ್ಮ ಹೆಸರಿಗೆ ನಮ್ಮಿಂದ ಮಸಿ ಹತ್ತಿತು ಶೇಖರ್. ನಾನು ಕೇಳ್ಲೇಬಾರದಿತ್ತು. ಕ್ಷಮಿಸಿಬಿಡಿ.”

“ಛೆ, ಬಿಡಿ ರಾಯರೇ,” ಎಂದು ಚಪ್ಪಲಿ ಕಳಚಿ ಒಳಗೆ ಹೋದ. ಹಂಸಾ ಕೋಣೆಯಿಂದ ಹೊರಗೆ ಬರಲಿಲ್ಲ. ಬಡಿಸಿದ ಹುಳಿಯನ್ನವನ್ನು ಅವನು ಔಷಧ ನುಂಗಿದಂತೆ ನುಂಗಿದ. ಆ ಮನೆಯ ಅನ್ನ ಉಣ್ಣುವಾಗ ಅವನಿಗೆ ತನ್ನ ಕೈ ಕಂಡು ಅಸಹ್ಯವಾಯಿತು.

ಸೋಮವಾರ ಯಾರೂ ಬರುವ ಮುಂಚೆಯೇ ಆಫೀಸಿಗೆ ಹೋಗಿ, ಆ ಸಾಲನ್ನು ಕಾಗದಕ್ಕೆ ಮರಳಿ ಸೇರಿಸಿದ. ಎದೆ ಹಗುರಾಯಿತು. ಅಗ್ಗದ ಪ್ರಾಯಶ್ಚಿತ್ತ, ಅಷ್ಟಕ್ಕೇ ತೃಪ್ತನಾಗಿ ಚಹಾ ಕುಡಿದ.

ಎರಡು ವಾರದ ಮೇಲೆ ವರುಣ್ ಎಂಬ ಹೊಸಬ ಸೇರಿದ. ಬೆಳಿಗ್ಗೆ ಕೂತವನು ಊಟದ ಹೊತ್ತಿಗೆ ಮೂರೂ ಫೋನುಗಳಲ್ಲಿ ಆ್ಯಪ್ ಓಡಿಸಿ ತೋರಿಸಿದ. ಮಧ್ಯಾಹ್ನದ ಮೀಟಿಂಗಿನಲ್ಲಿ ಖನ್ನಾ ಆ ಕಾಗದವನ್ನೆತ್ತಿ ಹಿಡಿದ.

“ನೋಡಿ, ಅದೇ ಕಾಗದ. ಇವನಿಗೆ ಅರ್ಧ ದಿನ. ಆ ಹುಡುಗಿ ಎರಡು ವಾರ ಕೂತಿದ್ದಳು!”

ಹತ್ತು ಜನ ಗೊಳ್ಳೆಂದು ನಕ್ಕರು. ಇಂದುಶೇಖರನ ಕಿವಿ ಕಾದು ಹೋಯಿತು. ಗುಟ್ಟಾಗಿ ತಿದ್ದಿದ್ದರಿಂದ ತನ್ನ ತಪ್ಪು ಹೋಗಿರಲಿಲ್ಲ. ಎಲ್ಲರ ಕಣ್ಣಿಗೆ ಅವಳು ಇನ್ನಷ್ಟು ದಡ್ಡಿಯಾಗಿದ್ದಳು. ಅವಳು ಅಲ್ಲಿಲ್ಲದೆಯೂ ಅವಳ ಬೆನ್ನಿಗೆ ಎರಡನೆಯ ಸಲ ಹೊಡೆದಂತಾಗಿತ್ತು.

“ಅದೇ ಕಾಗದ ಅಲ್ಲ,” ಎಂದ. ದನಿ ಅವನದೇ ಅನ್ನಿಸಲಿಲ್ಲ. “ಒಂದು ಸಾಲು ಬೇಕೆಂತಲೇ ತೆಗೆದಿದ್ದೆ. ಅವಳು ಹೋದ ಮೇಲೆ ಸೇರಿಸಿದೆ.”

“ಎಷ್ಟು ದಿನದಿಂದ?” ಖನ್ನಾ ಕೇಳಿದ.

“ಒಂದು ವರ್ಷ.”

ಹಿಂದೆ ಅವನ ಮೇಜಿಗೆ ಬಂದು ಕೈಕಟ್ಟಿ ನಿಂತಿದ್ದವರು ನಾಲ್ವರು ಆ ಕೋಣೆಯಲ್ಲೇ ಇದ್ದರು. ಒಬ್ಬೊಬ್ಬರೂ ಅವನನ್ನು ನೋಡಿದರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಖನ್ನಾ ಕಾಗದವನ್ನು ಮೇಜಿನ ಮೇಲಿಟ್ಟು, “ನಿನ್ನ ವಿಚಾರ ಆಮೇಲೆ. ಮೊದಲು ಅವಳನ್ನು ಕರೆ” ಎಂದ.

ಇಂದುಶೇಖರ ಹೊರಗೆ ಬಂದು ರಾಯರಿಗೆ ಫೋನ್ ಮಾಡಿ, ಏನನ್ನೂ ಮುಚ್ಚದೆ ಹೇಳಿದ.

“ಕಂಪ್ಯೂಟರ್ ನನ್ನ ತಲೆಗೆ ಹತ್ತಲ್ಲ ಅಂತ ಪುಸ್ತಕ ಎಲ್ಲ ರದ್ದಿಗೆ ಕಟ್ಟಿಟ್ಟಿದಾಳೆ,” ಎಂದರು ರಾಯರು. “ನಿನ್ನ ತಪ್ಪಲ್ಲಮ್ಮ ಅಂತ ದಿನಾ ಹೇಳ್ತಿದ್ದೆ. ಈಗ ಹೇಳಿದ್ರೂ ಸಮಾಧಾನಕ್ಕೆ ಅಂದ್ಕೋತಾಳೆ. ನೀವೇ ಬಂದು ಹೇಳಿ.” ಊಟಕ್ಕೆ ಬನ್ನಿ ಎನ್ನಲಿಲ್ಲ.

ಸಂಜೆ ಬಾಗಿಲು ತೆರೆದವಳು ಹಂಸಾನೇ. ಒಳಗೆ ಕರೆಯುವ ಮೊದಲೇ, ಧೈರ್ಯ ಕೈಕೊಡುವ ಮುಂಚೆ, ಅವನು ಹೊಸ್ತಿಲಾಚೆ ನಿಂತು ಎಲ್ಲ ಹೇಳಿದ.

“ಕೌನ್‌ಸೀ ಲೈನ್?” ಎಂದಳು.

ಹೇಳಿದ. ಅವಳ ತುಟಿ ಅದನ್ನು ಮತ್ತೊಮ್ಮೆ ಆಡಿಕೊಂಡಿತು. “ಇಷ್ಟೇನಾ? ತೋ... ಮೇರಾ ಕೋಡ್ ಠೀಕ್ ಥಾ?”

“ಮೊದಲನೇ ದಿನದಿಂದ ಸರಿಯಾಗೇ ಇತ್ತಮ್ಮ.”

ಒಂದು ಕ್ಷಣ ಅವಳ ಮುಖ ಬೆಳಗಿತು. ಆ ಬೆಳಕು ಕಂಡಾಗ ಅವನಿಗೆ ತಾನು ಕಸಿದದ್ದು ಏನೆಂದು ಪೂರ್ತಿ ಗೊತ್ತಾಯಿತು. ಮರುಕ್ಷಣ ಅವಳ ಕಣ್ಣುಗಳು ತುಂಬಿಕೊಂಡವು.

“ನೀವು ಪಕ್ಕದಲ್ಲೇ ಇದ್ರಿ, ಅಂಕಲ್. ರೋಜ್... ದಿನಾ ನೋಡ್ತಿದ್ರಿ.”

“ನೋಡ್ತಿದ್ದೆ,” ಎಂದ. “ಖನ್ನಾ ನಾಳೆ ಬರೋಕೆ ಹೇಳಿದಾರೆ.”

ಹಂಸಾ ದುಪಟ್ಟಾದಲ್ಲಿ ಮುಖ ಒರೆಸಿಕೊಂಡಳು. “ಬರ್ತೀನಿ. ಆದ್ರೆ ನನ್ನ ಸೀಟು ಬೇರೆ ಕಡೆ ಹಾಕ್ಸಿ, ಸರ್.”

ಅಂಕಲ್ ಬಿಟ್ಟು ಅವಳು ಅವನನ್ನು ಸರ್ ಎಂದದ್ದು ಅದೇ ಮೊದಲು. ಅವನು ಆಗಲಿ ಎಂದು ಮೆಟ್ಟಿಲು ಇಳಿದ.