ತಡವಾಗಿ ಬಂದ ಕಿವಿ

ಮಗಳ ಗಂಟಲಿನ ಗಡ್ಡೆ ತೆಗೆದ ಡಾಕ್ಟರು ಒಳ್ಳೆಯವರೇ. ಗಡ್ಡೆ ಬಿಟ್ಟರೆ ಜೀವಕ್ಕೆ ಅಪಾಯ, ತೆಗೆಯುವಾಗ ದನಿಯ ನರಕ್ಕೆ ಪೆಟ್ಟಾಗುವುದೂ ಉಂಟು, ಆದರೆ ತೀರಾ ಅಪರೂಪ ಎಂದು ಮೊದಲೇ ಬಿಡಿಸಿ ಹೇಳಿದ್ದರು. ಆ ಅಪರೂಪ ಮನೆ ಹುಡುಕಿಕೊಂಡು ಬಂತು. ಜೀವ ಉಳಿಯಿತು, ದನಿ ಹೋಯಿತು. ಅವಳು ಮಾತಾಡಿದರೆ ಒಣಗಿದ ಎಲೆಯನ್ನು ನೆಲದ ಮೇಲೆ ಎಳೆದಂಥ ಸದ್ದು, ಅಷ್ಟೇ. ವರ್ಷ ಕಳೆದ ಮೇಲೆ ಅದೇ ಡಾಕ್ಟರು, "ಇನ್ನು ಇಷ್ಟೇ ಅಮ್ಮ, ಇದಕ್ಕಿಂತ ಹೆಚ್ಚು ಬರಲ್ಲ" ಎಂದು ಅವಳ ಮುಖ ನೋಡದೆ ಹೇಳಿದರು.

ಬೇರೆ ಯಾರಿಗಾದರೂ ಆಗಿದ್ದರೆ ಹೇಗೋ ಸಾಗುತ್ತಿತ್ತೇನೋ. ಅವಳು ಹಾಡುವವಳು. ಊರಿನ ದೊಡ್ಡ ರಂಗಮಂದಿರದಲ್ಲಿ ಒಪೆರಾ ಆಡುತ್ತಿದ್ದರು. ಮಾತಿನ ಬದಲು ಹಾಡಿನಲ್ಲೇ ಕಥೆ ನಡೆಯುವ ನಾಟಕ. ಅಲ್ಲಿ ಹಿಂದಿನ ಸಾಲಿನ ಗುಂಪಿನಲ್ಲಿ ನಿಂತು ಹಾಡಿ ಹಾಡಿ, ಮೂವತ್ತು ದಾಟಿದ ಮೇಲೆ ಅವಳಿಗೆ ಮೊದಲ ಸಲ ನಾಯಕಿಯ ಪಾತ್ರ ಸಿಕ್ಕಿತ್ತು. ಇಟಲಿಯ ವೆರ್ಡಿ ರಚಿಸಿದ ಒಪೆರಾ. ಉಡುಪಿಗೆ ಅಳತೆಯನ್ನೂ ಕೊಟ್ಟು ಬಂದಿದ್ದಳು. ಗಡ್ಡೆ ಕಂಡದ್ದು ಆಗಲೇ.

ಅವಳಪ್ಪನನ್ನು ಬೀದಿಯವರೆಲ್ಲ ಕರೆಯುತ್ತಿದ್ದದ್ದು ಗಾದಿಯವನು ಎಂದು. ಸೋಫಾ, ಕುರ್ಚಿಗಳ ಹರಿದ ಬಟ್ಟೆ ಕಿತ್ತು, ಕುಸಿದ ಸ್ಪ್ರಿಂಗು ಎತ್ತಿ ಕಟ್ಟಿ, ನಾರು ತುಂಬಿ, ದಬ್ಬಳದಲ್ಲಿ ಹೊಲಿದುಕೊಡುವುದು ಕಸುಬು. ಕೆಳಗೆ ಅಂಗಡಿ, ಮೇಲೆ ಮನೆ. ಹೆಂಡತಿ ತೀರಿಕೊಂಡಾಗ ಮಗಳಿಗಿನ್ನೂ ಹಾಲುಹಲ್ಲು. ಸಾಕಿದ್ದು ಅವನ ಅಕ್ಕ, ಅವಳ ಸೋದರತ್ತೆ. ಸಂಗೀತದ ಮಟ್ಟಿಗೆ ಅವನು ಕಲ್ಲುಕಂಬ. ಮಗಳು ಹಾಡುವುದನ್ನು ನೋಡಲು ಹೋದಾಗಲೆಲ್ಲ ಅವನ ಗಮನ ಕೂತ ಕುರ್ಚಿಯ ಮೇಲೆ. ಅಡಿಗೆ ಕೈ ಹಾಕಿ ಪಟ್ಟಿ ಸಡಿಲಾಗಿದೆಯೇ ಎಂದು ಒತ್ತಿ ನೋಡುವವನು. ಒಮ್ಮೆಯಂತೂ ಗೊರಕೆ ಹೊಡೆದು ಅಕ್ಕನಿಂದ ತಿವಿಸಿಕೊಂಡಿದ್ದ. "ಚೂರಿ ಏಟು ಬಿದ್ದ ಮೇಲೂ ಇಷ್ಟು ಹೊತ್ತು ಹಾಡ್ತಾನಲ್ಲೇ ಅವನು, ಆಸ್ಪತ್ರೆಗಾದ್ರೂ ಓಡಬಾರದಾ?" ಎಂದು ಮನೆಗೆ ಬಂದು ಕೇಳಿದಾಗ ಮಗಳು ಬಿದ್ದು ಬಿದ್ದು ನಕ್ಕಿದ್ದಳು. ನಕ್ಕು ಮುಗಿದ ಮೇಲೆ ಅಂದಿನ ಕಾರ್ಯಕ್ರಮದ ಹಾಳೆಯನ್ನು ಮಡಚಿ ಒಳಗಿಟ್ಟಿದ್ದಳು. ಅದನ್ನು ಅವನು ಗಮನಿಸಲಿಲ್ಲ.

ಈಗ ಅವಳು ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ಅತ್ತೆ ಒಳಗಿಟ್ಟು ಬಂದ ತಟ್ಟೆ ಆರಿ, ಅಂಚಿನಲ್ಲಿ ಒಣಗಿ, ಹಾಗೇ ವಾಪಸು ಬರುತ್ತಿತ್ತು.

"ಏನಾದ್ರೂ ಹೇಳೋ ಅವಳಿಗೆ. ಅಪ್ಪ ಅನ್ನಿಸಿಕೊಂಡಿದ್ದೀಯಲ್ಲ," ಎಂದಳು ಅಕ್ಕ ಒಂದು ದಿನ.

"ಏನಂತ ಹೇಳಲಕ್ಕ? ಅವಳು ಕಳಕೊಂಡಿದ್ದು ಏನು ಅಂತಲೇ ನನಗೆ ಗೊತ್ತಿಲ್ಲವಲ್ಲ."

ಬಾಯಿತಪ್ಪಿ ಬಂದ ಮಾತು ಅವನನ್ನೇ ಕಚ್ಚಿತು. ಆ ಭಾನುವಾರ ಒಗೆದ ಅಂಗಿ ತೊಟ್ಟು ಪಿಯಾನೋ ಮೇಷ್ಟ್ರ ಮನೆಗೆ ಹೋದ. ಮಗಳಿಗೆ ಪಾಠ ಹೇಳುತ್ತಿದ್ದ ಮುದುಕರು ಅವರು. ಒಂಟಿ ಜೀವ, ಗೋಡೆ ತುಂಬ ರೆಕಾರ್ಡು.

"ಮೇಷ್ಟ್ರೇ, ಆ ವೆರ್ಡಿ ಅನ್ನೋರು ಯಾರು ಅಂತ ನನಗೆ ಹೇಳಿಕೊಡಿ."

ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. "ಯಾಕೆ?"

"ಅವಳ ಹತ್ರ ಮಾತಾಡಬೇಕು. ನನ್ನ ಹತ್ರ ಮಾತೇ ಇಲ್ಲ."

ಹಾಗೆ ಶುರುವಾಯಿತು. ವೆರ್ಡಿ ಹಳ್ಳಿಯ ಒಂದು ಸಣ್ಣ ಛತ್ರದವನ ಮಗ, ದೊಡ್ಡ ಸಂಗೀತ ಶಾಲೆಗೆ ಸೇರಲು ಹೋದಾಗ ವಯಸ್ಸು ಮೀರಿತು, ಪಿಯಾನೋ ಮೇಲೆ ಕೈ ಇಡುವ ರೀತಿಯೇ ಸರಿಯಿಲ್ಲ ಎಂದು ವಾಪಸು ಕಳಿಸಿದರು ಎಂದು ಕೇಳಿ ಗಾದಿಯವನಿಗೆ ಆ ಮನುಷ್ಯ ಹತ್ತಿರದವನೆನಿಸಿದ. ಮುಂದಿನ ವಾರ ಮೇಷ್ಟ್ರು ಹೇಳಿದ್ದು ಬೇರೆ. ಮೊದಲು ಎಳೆ ಮಗಳು ತೀರಿಕೊಂಡಳು, ಮರುವರ್ಷ ಮಗ, ಅದರ ಮರುವರ್ಷ ಹೆಂಡತಿ. ಆ ಸಮಯದಲ್ಲೇ ಅವನು ಜನರನ್ನು ನಗಿಸುವ ಒಪೆರಾ ಬರೆದುಕೊಡಬೇಕಿತ್ತು. ಬರೆದ. ಜನ ಸಿಳ್ಳೆ ಹಾಕಿ ಹಾಳುಗೆಡವಿದರು. ಇನ್ನು ಬರೆಯುವುದಿಲ್ಲ ಎಂದು ಬಾಗಿಲು ಹಾಕಿಕೊಂಡವನ ಕೈಗೆ ರಂಗಮಂದಿರದ ಯಜಮಾನ ಬಲವಂತವಾಗಿ ಒಂದು ಕಥೆ ತುರುಕಿದ. ಅದರಿಂದ ಹುಟ್ಟಿದ ಒಪೆರಾ ಅವನನ್ನು ದೇಶಕ್ಕೇ ದೊಡ್ಡವನನ್ನಾಗಿ ಮಾಡಿತು.

"ಸಿಕ್ಕಿತು ಮೇಷ್ಟ್ರೇ," ಎಂದ ಗಾದಿಯವನು, ಕಣ್ಣೊರೆಸಿಕೊಳ್ಳುತ್ತ. "ಇದೇ ನನಗೆ ಬೇಕಾಗಿದ್ದದ್ದು."

"ಇರಿ, ಬರೀ ಕಥೆ ಕೇಳಿ ಓಡಬೇಡಿ. ಹಾಡನ್ನೂ ಕೇಳಿ," ಎಂದು ಮೇಷ್ಟ್ರು ರೆಕಾರ್ಡು ಹಾಕಿದರು. "ಎಲ್ಲಾ ಒಟ್ಟಿಗೆ ಕೇಳೋಕೆ ಹೋಗಬೇಡಿ. ಹಳೆ ಕುರ್ಚಿ ಬಿಚ್ಚುವಾಗ ಒಂದೊಂದೇ ಪದರ ಬಿಚ್ಚಲ್ವಾ, ಹಾಗೆ. ಮೊದಲು ಅಡಿಯಲ್ಲಿರೋ ದಪ್ಪ ದನಿ. ಅದರ ಮೇಲೆ ಪಿಟೀಲಿನ ತಂತಿ. ಆಮೇಲೆ ಹಾಡೋರು."

ಅದು ಒಬ್ಬ ಅಪ್ಪ, ಒಬ್ಬ ಮಗಳು ಒಟ್ಟಿಗೆ ಹಾಡುವ ಹಾಡು. ಇಂಥವನ್ನು ವೆರ್ಡಿ ಮತ್ತೆ ಮತ್ತೆ ಬರೆದಿದ್ದಾನಂತೆ. ಭಾಷೆ ಒಂದಕ್ಷರ ತಿಳಿಯದು. ಆದರೆ ಅಪ್ಪನ ದನಿ ಮಗಳ ದನಿಯನ್ನು ಅಡ್ಡಗಟ್ಟಲು ಹೋಗಿ, ಆಗದೆ, ಅದರ ಕೆಳಗೆ ಕೈಯೊಡ್ಡಿ ನಿಂತದ್ದು ಗಾದಿಯವನಿಗೆ ಸ್ಪಷ್ಟವಾಗಿ ಕೇಳಿಸಿತು. ಅರವತ್ತರ ಅಂಚಿನಲ್ಲಿ ಅವನ ಕಿವಿ ತೆರೆಯಿತು.

ವೈದ್ಯ ಔಷಧಿ ತರುವ ಹಾಗೆ ಅವನು ಆ ಕಥೆಯನ್ನು ಮಗಳ ಬಳಿಗೆ ಒಯ್ದ. ಮಂಚದ ತುದಿಯಲ್ಲಿ ಕೂತು, ತಡವರಿಸುತ್ತ, ಸತ್ತ ಮಕ್ಕಳನ್ನೂ ಸಿಳ್ಳೆಯನ್ನೂ ತುರುಕಿದ ಕಥೆಯನ್ನೂ ಹೇಳಿ ಮುಗಿಸಿ, "ನೋಡು ಮಗಳೇ, ಅಷ್ಟೆಲ್ಲ ಆದ ಮೇಲೂ ಎದ್ದ," ಎಂದ.

ಆ ಕಥೆ ಅವಳಿಗೆ ಬಾಯಿಪಾಠವಾಗಿದ್ದದ್ದು. ಅವಳು ಅಪ್ಪನ ಬೆರಳುಗಳನ್ನೇ ನೋಡಿದಳು. "ಅಪ್ಪಾ," ಎಂದಳು ಉಸಿರಿನಲ್ಲೇ. "ಅವನ ಹೆಂಡತಿ ಹೋದ್ಲು, ಮಕ್ಕಳು ಹೋದ್ರು. ಬರೆಯೋ ಕೈ ಇತ್ತು. ನಿನ್ನ ಎರಡೂ ಕೈ ಕತ್ತರಿಸಿ ಹಾಕಿ, ಯಾರೋ ಗಾದಿಯವನು ಎದ್ದು ನಿಂತ ಕಥೆ ಹೇಳಿದ್ರೆ ಕೇಳ್ತೀಯಾ?"

ಅವನು ಬಿಡಲಿಲ್ಲ. "ವಯಸ್ಸಾದ ಹಾಡುಗಾರರಿಗೆ ಅಂತ ಮನೆ ಕಟ್ಟಿಸಿದನಂತೆ. ಕಷ್ಟ ತಿಳಿದವನು ಮಗಳೇ."

"ಹಾಡಿ ಮುಗಿಸಿದವರಿಗೆ ಕಟ್ಟಿಸಿದ," ಎಂದು ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. "ಶುರು ಮಾಡದವರಿಗಲ್ಲ."

ಔಷಧಿ ಫಲಿಸಲಿಲ್ಲ. ವಿಪರೀತವೆಂದರೆ, ತಂದವನಿಗೇ ಅದರ ರುಚಿ ಹತ್ತಿತು. ಮೊಳೆ ಹೊಡೆಯುವಾಗ ಅವನ ಸುತ್ತಿಗೆ ತಾಳ ಹಿಡಿಯುತ್ತಿತ್ತು, ಮೂಗಿನಲ್ಲಿ ರಾಗ ಗುಂಯ್‌ಗುಡುತ್ತಿತ್ತು. ಒಂದು ಬೆಳಿಗ್ಗೆ ಅಕ್ಕ ಮೆಟ್ಟಿಲಿಳಿದು ಬಂದು, "ನಿನಗೇನು ಬುದ್ಧಿಗಿದ್ದಿ ಇದೆಯೇನೋ? ಮೇಲೆ ಅವಳು ದಿಂಬಿನಲ್ಲಿ ಕಿವಿ ಮುಚ್ಚಿಕೊಂಡು ಬಿದ್ದಿದ್ದಾಳೆ," ಎಂದಳು. ಗಾದಿಯವನು ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡು ತಲೆ ತಗ್ಗಿಸಿದ. ಅಂದಿನಿಂದ ಮನೆಯಲ್ಲಿ ರಾಗವಿಲ್ಲ. ಭಾನುವಾರ ಮಾತ್ರ "ಗಾದಿಗೆ ಬಟ್ಟೆ ನೋಡಿ ಬರ್ತೀನಿ" ಎಂದು ಹೊರಡುತ್ತಿದ್ದ. ಕುಡುಕ ಹೆಂಡದಂಗಡಿಗೆ ಹೋಗುವ ಹಾಗೆ, ಬೀದಿಯ ಆ ಬದಿ ಈ ಬದಿ ನೋಡಿಕೊಂಡು ಮೇಷ್ಟ್ರ ಮನೆ ಸೇರುತ್ತಿದ್ದ.

ಚಳಿಗಾಲ ಮುಗಿಯುವ ಹೊತ್ತಿಗೆ ರಂಗಮಂದಿರದವರು ಅಂದು ನಿಂತುಹೋಗಿದ್ದ ಅದೇ ಒಪೆರಾ ಮತ್ತೆ ಎತ್ತಿಕೊಂಡರು, ಮಗಳಿಗೆ ಸಿಕ್ಕಿದ್ದ ಪಾತ್ರಕ್ಕೆ ಬೇರೊಬ್ಬಳನ್ನು ಹಾಕಿಕೊಂಡು. ಮೇಷ್ಟ್ರು ಮಧ್ಯಾಹ್ನದ ಆಟಕ್ಕೆ ಒಂದು ಟಿಕೆಟು ಕೊಟ್ಟರು. ಹೋಗಬಾರದು ಎಂದುಕೊಂಡೇ, ಮನೆಯಲ್ಲಿ ಬಟ್ಟೆಯ ನೆಪ ಹೇಳಿ ಅವನು ಹೋದ.

ಅಂದು ಅವನು ಕುರ್ಚಿಯ ಅಡಿಗೆ ಕೈ ಹಾಕಲಿಲ್ಲ. ಪರದೆ ಏಳುವ ಮೊದಲು ತಂತಿಗಳು ಮೆಲ್ಲಗೆ ಎದ್ದಾಗಲೇ ಅವನಿಗೆ ಮುಂದೆ ಬರುವುದೆಲ್ಲ ಗೊತ್ತಿತ್ತು, ಗೊತ್ತಿದ್ದೂ ಎದೆ ಹೊಡೆದುಕೊಳ್ಳುತ್ತಿತ್ತು. ಹೊಸ ಹುಡುಗಿ ಚೆನ್ನಾಗಿ ಹಾಡಿದಳು. ಬರುಬರುತ್ತಾ ಅವಳು ಯಾರು, ಯಾರ ಜಾಗದಲ್ಲಿ ನಿಂತಿದ್ದಾಳೆ ಎಂಬುದೇ ಅವನಿಗೆ ಮರೆತುಹೋಯಿತು. ಕೊನೆಗೆ ನಾಯಕಿ ಸಾಯುವಾಗ, ಸಾಯುವವರು ಇಷ್ಟು ಹೊತ್ತು ಯಾಕೆ ಹಾಡುತ್ತಾರೆ ಎಂದು ಅವನಿಗೆ ಅರ್ಥವಾಯಿತು. ಎಲ್ಲರಿಗಿಂತ ಮೊದಲು ಎದ್ದು ನಿಂತು, ಕೆನ್ನೆ ಒದ್ದೆ ಮಾಡಿಕೊಂಡು, ದಪ್ಪ ಕೈಗಳಿಂದ ಚಪ್ಪಾಳೆ ತಟ್ಟಿದ. ತಟ್ಟುತ್ತಲೇ, ಇಡೀ ಮಂದಿರ ತನ್ನಂತೆಯೇ ಅಳುತ್ತಿದೆಯೇ ಎಂದು ಹಿಂದಿರುಗಿ ನೋಡಿದ.

ಕೊನೆಯ ಸಾಲಿನ ಹಿಂದೆ, ಕಂಬಕ್ಕೆ ಒರಗಿ ಮಗಳು ನಿಂತಿದ್ದಳು. ಕತ್ತಿಗೆ ಶಾಲು. ಅವಳು ವೇದಿಕೆಯನ್ನು ನೋಡುತ್ತಿರಲಿಲ್ಲ, ಅವನನ್ನು ನೋಡುತ್ತಿದ್ದಳು.

ಹೊರಗೆ ಬಂದಾಗ ಇನ್ನೂ ಬಿಸಿಲಿತ್ತು. ಇಬ್ಬರೂ ಪಕ್ಕಪಕ್ಕದಲ್ಲಿ ನಡೆದರು.

"ಬಟ್ಟೆ ಸಿಕ್ತಾ ಅಪ್ಪಾ?" ಎಂದಳು.

ಏನಾದರೂ ಹೇಳಬೇಕಲ್ಲ ಎಂದು, "ನೀನು ಹಾಡಿದ್ರೆ ಇನ್ನೂ ಚೆನ್ನಾಗಿರ್ತಿತ್ತು ಮಗಳೇ," ಎಂದ.

ಅವಳು ನಿಂತಳು. ಗಾಡಿಗಳ ಸದ್ದಿನಲ್ಲಿ ಆ ದನಿ ಕೇಳಿಸದೆಂದು ಅವನ ಕಿವಿಯ ಹತ್ತಿರ ಬಾಯಿ ತಂದಳು. "ನಿನಗೆ ಹೇಗೆ ಗೊತ್ತು? ನಾನು ಹಾಡಿದ್ದನ್ನ ನೀನು ಕೇಳೇ ಇಲ್ಲವಲ್ಲ."

ಸಿಟ್ಟಿರಲಿಲ್ಲ ಅದರಲ್ಲಿ. ಸಿಟ್ಟಿದ್ದಿದ್ದರೆ ಕಾಲಿಗಾದರೂ ಬೀಳಬಹುದಿತ್ತು.

ತಿಂಗಳೊಳಗೆ ಅವಳು ಬೇರೆ ಊರಿಗೆ ಹೊರಟಳು. ಬಾಟಲಿ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ. "ಅಲ್ಲಿ ಯಂತ್ರದ ಗದ್ದಲಕ್ಕೆ ಎಲ್ಲರೂ ಕೈಸನ್ನೆಯಲ್ಲೇ ಮಾತಾಡ್ತಾರಂತೆ. ಅದಕ್ಕೇ ಹಿಡಿಸ್ತಂತೆ," ಎಂದು ಅಕ್ಕ ಸೆರಗಿನಲ್ಲಿ ಮೂಗೊರೆಸಿಕೊಂಡಳು. ಗಾದಿಯವನು ಬಸ್ಸಿನವರೆಗೆ ಪೆಟ್ಟಿಗೆ ಹೊತ್ತ. ಅವಳು ಅವನ ಅಂಗಿಗೆ ಅಂಟಿದ್ದ ನಾರಿನ ಎಳೆಯನ್ನು ತೆಗೆದುಹಾಕಿ ಬಸ್ಸು ಹತ್ತಿದಳು.

ಮೇಷ್ಟ್ರ ಮನೆಗೆ ಅವನು ಮತ್ತೆ ಹೋಗಲಿಲ್ಲ. ಆದರೆ ಕಣ್ಣಿಗೆ ರೆಪ್ಪೆಯಿದೆ, ಕಿವಿಗಿಲ್ಲ. ಒಮ್ಮೆ ತೆರೆದದ್ದನ್ನು ಮುಚ್ಚುವ ಉಪಾಯ ಅವನಿಗೆ ತಿಳಿಯಲಿಲ್ಲ. ಬೇಡ ಬೇಡವೆಂದರೂ ಆ ಅಪ್ಪ, ಆ ಮಗಳು ತಲೆಯೊಳಗೆ ಹಾಡುತ್ತಲೇ ಇದ್ದರು. ಎಷ್ಟು ಹಿಂದಕ್ಕೆ ಹೋಗಿ ಹುಡುಕಿದರೂ ತನ್ನ ಮಗಳ ದನಿ ಮಾತ್ರ ಸಿಗುತ್ತಿರಲಿಲ್ಲ. ಗುಂಪಿನ ಹಾಡು ನೆನಪಾಗುತ್ತಿತ್ತು. ಅದರಲ್ಲಿ ಅವಳದು ಯಾವುದು?

ರಜೆಯ ದಿನ ಅವಳು ಫೋನ್ ಮಾಡುತ್ತಿದ್ದಳು. ಅವಳ ಪಿಸುಮಾತು ತಂತಿಯಲ್ಲಿ ಅರ್ಧಂಬರ್ಧ ಬರುತ್ತಿತ್ತು. ಹಾಗಾಗಿ ಇವನೇ ಮಾತಾಡುತ್ತಿದ್ದ: ಬಂದ ಸೋಫಾ, ಅತ್ತೆಯ ಮಂಡಿನೋವು, ಸೋರುವ ನಲ್ಲಿ. ಒಂದು ಮಧ್ಯಾಹ್ನ ಹಾಗೆ ಮಾತಾಡುತ್ತಿರುವಾಗ ಎದುರುಮನೆಯ ರೇಡಿಯೊದಲ್ಲಿ ಆ ಒಪೆರಾದ ತಂತಿಗಳು ಮೆಲ್ಲಗೆ ಎದ್ದವು. ಗಾದಿಯವನು ಗಾಬರಿಬಿದ್ದು, ಅವಳಿಗೆ ಕೇಳಿಸದಿರಲಿ ಎಂದು ಫೋನಿನ ಬಾಯಿಯನ್ನು ಅಂಗೈಯಿಂದ ಒತ್ತಿ ಮುಚ್ಚಿದ. ಅತ್ತಲಿಂದ ಅವಳು ಏನೋ ಹೇಳುತ್ತಿದ್ದಳು. ಆದರೆ ಅವನ ಕಿವಿ ಅಷ್ಟರಲ್ಲೇ ಹಾಡಿನ ಕಡೆ ಹೊರಟುಹೋಗಿತ್ತು.

"ಹಲೋ? ಮಗಳೇ? ಏನಂದೆ?" ಎನ್ನುವಾಗ ಫೋನು ಕಡಿದಿತ್ತು.

"ಏನಂತೆ ಅವಳು?" ಎಂದು ಒಳಗಿನಿಂದ ಅಕ್ಕ ಕೂಗಿದಳು.

"ಚೆನ್ನಾಗಿದ್ದಾಳಂತೆ," ಎಂದು ಗಾದಿಯವನು ಕಿಟಕಿ ಮುಚ್ಚಿದ. ಹಾಡು ಗಾಜಿನ ಆಚೆಯಿಂದಲೂ ಕೇಳಿಸುತ್ತಿತ್ತು.