ಲೇತಿಗೆ ತೀರ್ಥ

ನಮ್ಮ ಮನೆಯಲ್ಲಿ ಅಜ್ಜಿ ಮುನಿಗಂಗಮ್ಮನ ಮಾತಿಗೆ ಎದುರು ಮಾತಿಲ್ಲ. ಅಲ್ಲಾಳಸಂದ್ರದ ನಮ್ಮ ರಾಗಿ ಹೊಲದಲ್ಲಿ ಪಿಜಿ ಕಟ್ಟಡ ಎದ್ದಿದ್ದೂ ಅವಳ ಮಾತಿನಿಂದಲೇ. ಅಪ್ಪ ಅನಂತರಾಜು ಐವತ್ತು ದಾಟಿದವರು. ಗೇಟಿಗೆ ಯಾವ ಬಣ್ಣ ಹೊಡೆಸಲಿ ಎಂದು ಈಗಲೂ ಅವಳನ್ನೇ ಕೇಳುತ್ತಾರೆ. ಅಂಥ ಅಜ್ಜಿ ಈ ವರ್ಷ ಒಂದು ತೀರ್ಮಾನಕ್ಕೆ ಬಂದಿದ್ದಳು. ದಸರಾ ಕಳೆದ ಮೇಲೆ ನಾನು ಫ್ಯಾಕ್ಟರಿ ಬಿಟ್ಟು, ಪಿಜಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಬಂದು ಹೋಗುವ ಹುಡುಗಿಯರನ್ನು ನೋಡಿಕೊಂಡು ಕೂರಬೇಕು.

ನಾನು ಡಿಪ್ಲೊಮಾ ಮುಗಿಸಿ ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ಸೇರಿದವಳು. ಹೊಸತರಲ್ಲಿ ಕೈಗೆ ಕೊಟ್ಟಿದ್ದು ಒಂದು ಅರ, ಒಂದು ಕಬ್ಬಿಣದ ತುಂಡು. ಉಜ್ಜಿ ಉಜ್ಜಿ ಅದರ ಮೂಲೆಗಳನ್ನೆಲ್ಲ ನೇರ ಮಾಡಬೇಕು. ನಮಗೆ ಕೆಲಸ ಕಲಿಸುವ ನಾಗಭೂಷಣ ಸಾರ್ ಅದಕ್ಕೆ ಮೂಲೆಮಟ್ಟ ಇಟ್ಟು ಕಿಟಕಿಯ ಕಡೆ ಎತ್ತಿ ಹಿಡಿಯುತ್ತಿದ್ದರು. ಸಂದಿಯಲ್ಲಿ ಕೂದಲೆಳೆಯಷ್ಟು ಬೆಳಕು ಕಂಡರೂ ಮಾತಾಡದೆ ವಾಪಸು ಕೊಡುತ್ತಿದ್ದರು. ಅವರನ್ನು ಮನಸ್ಸಿನಲ್ಲಿ ಬೈಯದ ದಿನವಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಬೆಳಕು ನುಸುಳಲಿಲ್ಲ. ಅವತ್ತು ಬಸ್ಸಿನಲ್ಲಿ ಸೀಟು ಸಿಗದೆ ನಿಂತುಕೊಂಡೇ ಬಂದೆ, ಆದರೂ ದಾರಿಯುದ್ದಕ್ಕೂ ನಗು. ಆ ಸಂತೋಷವನ್ನು ಪಿಜಿ ಬಾಗಿಲಲ್ಲಿ ಕೂತು ಎಲ್ಲಿಂದ ತರಲಿ? ಎರಡನೇ ವರ್ಷಕ್ಕೆ ಕಬ್ಬಿಣವನ್ನು ತಿರುಗಿಸುತ್ತಾ ಕಡೆಯುವ ಲೇತ್ ಯಂತ್ರ ಕೊಡುತ್ತಾರೆ. ನನಗೆ ಆ ಲೇತ್ ಬೇಕಾಗಿತ್ತು.

ಕೈ ಕೆಸರಾದರೆ ಬಾಯಿ ಮೊಸರು ಎಂದು ಅಜ್ಜಿಗೆ ಗಾದೆ ಹೇಳಿ ನೋಡಿದೆ. ಮನೆಯಲ್ಲಿ ಮೊಸರು ಗಡಿಗೆ ತುಂಬ ಇರುವಾಗ ಕೆಸರು ಯಾಕೆ ಎಂದಳು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ತಟ್ಟೆ ಬಿಟ್ಟು ಎದ್ದೆ. ಕೊನೆಗೆ ಅಪ್ಪನೇ ಒಂದು ದಾರಿ ಹುಡುಕಿದರು. ಆಯುಧಪೂಜೆಗೆ ಕಾರ್ಖಾನೆಯವರು ಮನೆಮಂದಿಯನ್ನೂ ಒಳಗೆ ಬಿಡುತ್ತಾರೆ. ಅಜ್ಜಿ ಬಂದು ಕಣ್ಣಾರೆ ನೋಡಲಿ, ಆಮೇಲೆ ಅವಳು ಹೇಳಿದ ಹಾಗಾಗಲಿ. ನಾನು ಒಪ್ಪಿದೆ. ಒಪ್ಪದೆ ಮಾಡುವುದೇನು?

ಪೂಜೆಯ ಹಿಂದಿನ ದಿನ ನಾನೂ ನನ್ನ ಜೊತೆಯ ಅಪ್ರೆಂಟಿಸ್ ಮುಬೀನನೂ ಸೇರಿ ಲೇತಿನ ಸಂದುಗೊಂದಿನ ಕಬ್ಬಿಣದ ಚೂರೆಲ್ಲ ಕೆರೆದು ತೆಗೆದು, ಒರೆಸಿ, ಎರಡು ಕಡೆ ಬಾಳೆಕಂದು ಕಟ್ಟಿದೆವು. ನಾಗಭೂಷಣ ಸಾರ್ ಒಂದೇ ಮಾತು ಹೇಳಿದರು. ಅರಿಶಿನ ಕುಂಕುಮ ಬಣ್ಣ ಬಳಿದಿರುವ ಕಡೆ ಮಾತ್ರ ಇಡಬೇಕು, ಬೆಡ್ಡಿನ ಮೇಲೆ ಒಂದು ಹನಿ ನೀರೂ ಬೀಳಬಾರದು. ಬೆಡ್ಡು ಎಂದರೆ ಲೇತಿನ ಉದ್ದಕ್ಕೂ ಇರುವ ನುಣುಪಾದ ಕಬ್ಬಿಣದ ಹಳಿ. ಅದರಲ್ಲಿ ಕುಳಿ ಬಿದ್ದರೆ ಮಾಡಿದ ಕೆಲಸವೂ ಸೊಟ್ಟ. ಪಕ್ಕದ ಹಳೆಯ ಲೇತಿನ ಬೆಡ್ಡಿನ ಮೇಲೆ ಮೂರು ಬೆರಳಿನ ಗುರುತು ಇವತ್ತಿಗೂ ಇದೆ. ಯಾವ ಕಾಲದಲ್ಲೋ ಯಾರೋ ಭಕ್ತರು ಒದ್ದೆ ವಿಭೂತಿ ಎಳೆದು ಹಬ್ಬದ ರಜಕ್ಕೆ ಹೋಗಿದ್ದರಂತೆ. ಬರುವಷ್ಟರಲ್ಲಿ ತುಕ್ಕು ಕಬ್ಬಿಣವನ್ನು ತಿಂದಿತ್ತು.

ಮಾರನೆಯ ದಿನ ಅಪ್ಪನ ಜೊತೆ ಅಜ್ಜಿ ಬಂದಳು. ರೇಷ್ಮೆ ಸೀರೆ, ಕೈಯಲ್ಲಿ ಹಿತ್ತಾಳೆ ಚೊಂಬು, ಚೊಂಬಿನ ಬಾಯಿಗೆ ಬೇವಿನ ಸೊಪ್ಪು. ನನಗೆ ತಕ್ಷಣ ತಿಳಿಯಿತು. ಅದು ನಮ್ಮ ಗಂಗಮ್ಮನ ಗುಡಿಯ ಅರಿಶಿನದ ತೀರ್ಥ. ಹೊಸ ಮನೆಗೆ, ಕೊಳವೆಬಾವಿಗೆ, ಅಪ್ಪನ ಕಾರಿಗೆ, ಎಲ್ಲದಕ್ಕೂ ಆ ನೀರು ಬೀಳಲೇಬೇಕು. ಅಜ್ಜಿ ಅದನ್ನು ತಂದಿದ್ದಾಳೆ ಎಂದರೆ ಮನಸ್ಸು ಅರ್ಧ ಒಲಿದಿದೆ ಎಂದೇ ಅರ್ಥ. ಖುಷಿಯಲ್ಲಿ ಬೆಡ್ಡಿನ ವಿಷಯವೇ ಮರೆತು, ಮುಂದಿನ ವರ್ಷ ನನಗೆ ಕೊಡುವ ಲೇತ್ ಇದೇ ಎಂದು ತೋರಿಸಿದೆ. ಅವಳು ಕಣ್ಣು ಮುಚ್ಚಿ ಕೈಮುಗಿದು, ಬೇವಿನ ಸೊಪ್ಪು ತೆಗೆದು, ಚೊಂಬನ್ನು ನೇರವಾಗಿ ಬೆಡ್ಡಿನ ಮೇಲೆ ಬಗ್ಗಿಸಿದಳು.

ನಾನು ಅವಳ ಮುಂಗೈ ಹಿಡಿದುಬಿಟ್ಟೆ. ಮಂಗಳಾರತಿಗೆ ನಿಂತಿದ್ದ ಜನ ಇತ್ತ ತಿರುಗಿತು.

"ಬುಡು ಕೈಯ. ಗಂಗಮ್ಮನ್ ನೀರು ಕಣೇ ಇದು."

"ಯಾರ ನೀರಾದ್ರೂ ನೀರೇ ಅಜ್ಜಿ. ಇದರ ಮೇಲೆ ಬಿದ್ರೆ ತುಕ್ಕು ಹಿಡಿಯುತ್ತೆ."

ಅಜ್ಜಿಯ ಕೈಯನ್ನು ಇದುವರೆಗೆ ಯಾರೂ ತಡೆದವರಿಲ್ಲ, ಅದರಲ್ಲೂ ದೇವರ ಕೆಲಸದಲ್ಲಿ. ಅಪ್ಪ ನೆಲ ನೋಡುತ್ತಾ ನಿಂತರು. ಮುಗಿಯಿತು, ಇನ್ನು ಪಿಜಿ ಕುರ್ಚಿಯೇ ಗತಿ ಎಂದುಕೊಂಡೆ. ಅಷ್ಟರಲ್ಲಿ ನಾಲ್ಕಾರು ಹನಿ ಬೆಡ್ಡಿನ ಮೇಲೆ ಬಿದ್ದಿದ್ದವು. ಅಳು ಬರುತ್ತಿದ್ದರೂ ಜೇಬಿನಿಂದ ಬಟ್ಟೆ ತೆಗೆದು ಒರೆಸಿದೆ, ಹೆಬ್ಬೆರಳಿಂದ ಸವರಿ ಪಸೆ ಉಳಿದಿದೆಯೇ ನೋಡಿದೆ, ಮತ್ತೆ ಒರೆಸಿದೆ. ಅಜ್ಜಿ ಚೊಂಬು ಎದೆಗವಚಿಕೊಂಡು ನನ್ನ ಕೈಯನ್ನೇ ನೋಡುತ್ತಿದ್ದಳು.

"ಇದು ಇನ್ನೂ ನಿಂಗೆ ಕೊಟ್ಟಿಲ್ಲ ಅಲ್ವಾ?" ಎಂದಳು.

"ಇನ್ನೂ ಇಲ್ಲ."

"ನಿಂದಲ್ಲದ ಮಿಷಿನ್‌ಗೋಸ್ಕರ ನನ್ ಕೈ ಇಡ್ಕೊಂಡೆ."

ಅಜ್ಜಿ ನಾಗಭೂಷಣ ಸಾರ್ ಕಡೆ ತಿರುಗಿ, ಈ ಕಬ್ಬಿಣಕ್ಕೆ ನೀರು ಆಗದಿದ್ದರೆ ಇನ್ನೇನು ಆಗುತ್ತದೆ ಎಂದು ಕೇಳಿದಳು. ಎಣ್ಣೆ ಆಗುತ್ತದಮ್ಮ ಎಂದರು ಅವರು, ಎಣ್ಣೆ ಕ್ಯಾನು ಎತ್ತಿ ತೋರಿಸಿ, ತುಂಬ ವಿನಯದಿಂದ.

"ಅಂಗನ್ನಿ. ಶನಿಮಾತ್ಮ ಇದ್ದಂಗೆ."

ಅಜ್ಜಿ ಅವರ ಕೈಯಿಂದ ಕ್ಯಾನು ಇಸಿದುಕೊಂಡು, ಬಾಯಲ್ಲಿ ಏನೋ ಹೇಳಿಕೊಳ್ಳುತ್ತಾ, ಬೆಡ್ಡಿನ ಈ ತುದಿಯಿಂದ ಆ ತುದಿಗೆ ಧಾರಾಳವಾಗಿ ಸುರಿದಳು. ಕ್ಯಾನು ಖಾಲಿಯಾಗುವ ಹಾಗಿತ್ತು. ಮುಬೀನ್ ಬಾಳೆಕಂದಿನ ಹಿಂದೆ ಹೋಗಿ ನಕ್ಕ. ತೀರ್ಥವನ್ನು ಅಜ್ಜಿ ನನ್ನ ತಲೆಯ ಮೇಲೆ ಚಿಮುಕಿಸಿದಳು, ಮಿಕ್ಕಿದ್ದನ್ನು ಗೇಟಿನ ಬೇವಿನ ಮರದ ಬುಡಕ್ಕೆ ಹಾಕಿದಳು.

ಆದರೆ ತೀರ್ಪು ಹೇಳಲಿಲ್ಲ. ರಜ ಮುಗಿಯುವವರೆಗೂ ನಾನು ಒಬ್ಬಟ್ಟಿನ ರುಚಿ ಕಾಣಲಿಲ್ಲ. ಕಾರ್ಖಾನೆ ತೆರೆದ ದಿನ ಮೊದಲು ಓಡಿದ್ದು ಲೇತಿನ ಹತ್ತಿರ. ಎಣ್ಣೆ ಒರೆಸಿ ಬಗ್ಗಿ ನೋಡಿದೆ. ಬೆಡ್ಡು ಫಳಫಳ ಎನ್ನುತ್ತಿತ್ತು.

ಸಂಜೆ ಮನೆಗೆ ಬಂದಾಗ ಅಜ್ಜಿ ಜಗಲಿಯ ಮೇಲೆ ಕೂತು ಅಲಸಂದೆಕಾಯಿ ಸುಲಿಯುತ್ತಿದ್ದಳು. ನಾನು ಚಪ್ಪಲಿ ಬಿಡುವವರೆಗೂ ಅವಳು ಕಾಯಲಿಲ್ಲ.

"ತುಕ್ಕು ಬಂತಾ?"

"ಇಲ್ಲ ಅಜ್ಜಿ. ಒಂದು ಚುಕ್ಕೆನೂ ಇಲ್ಲ."

ಅವಳು ಮತ್ತೊಂದು ಕಾಯಿ ಸುಲಿದು ಕಾಳು ಮೊರಕ್ಕೆ ಹಾಕಿದಳು. ಆಮೇಲೆ ಒಳಗಿದ್ದ ಅಪ್ಪನನ್ನು ಕೂಗಿದಳು.

"ಅನಂತಾ, ಪಿಜಿ ಬಾಗ್ಲಾಗೆ ಕೂರಾಕೆ ಬೇರೆ ಯಾರ್ನಾದ್ರೂ ನೋಡು. ಇವ್ಳಿಗೆ ಮಿಷಿನ್ ಐತೆ." ನನ್ನ ಕಡೆ ತಿರುಗಿ, "ಬರೋ ವರ್ಷ ಎಣ್ಣೆ ನಾನೇ ತತ್ತೀನಿ. ಅವರ್ದು ತೀರಾ ತೆಳು," ಎಂದಳು.